ಸಯಾಟಿಕಾಕ್ಕೆ ಫಿಸಿಯೋಥೆರಪಿ: ಮಂಡ್ಯ ಸೀಮೆಯಲ್ಲಿ ಬೆಳೆದುಬಂದ ಬಗೆ

ಸೊಂಟದಲ್ಲಿ ಹುಟ್ಟಿ ಪಿರ್ರೆ, ತೊಡೆಯ ಹಿಂಬದಿ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುವ ನೋವೇ ಸಯಾಟಿಕಾ. ಬೆನ್ನುಮೂಳೆಯ ತಳಭಾಗದಿಂದ ಹೊರಡುವ ನರದ ಬೇರು ಅದುಮಿಹೋಗುವುದು ಅಥವಾ ಕೆರಳುವುದು ಇದಕ್ಕೆ ಕಾರಣ. ಮಂಡ್ಯ, ಮದ್ದೂರು, ಮಳವಳ್ಳಿಗಳ ರೋಗಿಗಳು 'ನರ ಹಿಡ್ಕೊಂಡದೆ', 'ಕಾಲು ಸೆಳೀತದೆ' ಎನ್ನುತ್ತಾರೆ.

ಆಯುರ್ವೇದದಲ್ಲಿ ಇದು ಗೃಧ್ರಸಿ. ಚರಕಸಂಹಿತೆ ಇದನ್ನು ವಾತವ್ಯಾಧಿಗಳಲ್ಲಿ ಸೇರಿಸಿ, ನೋವು ಪಿರ್ರೆಯಿಂದ ಪಾದದತ್ತ ಸಾಗುವ ಕ್ರಮವನ್ನು ಹೇಳುತ್ತದೆ. ಸುಶ್ರುತಸಂಹಿತೆ ಕಾಲೆತ್ತಲಾಗದಿರುವುದನ್ನೇ ರೋಗದ ಗುರುತಾಗಿ ಹಿಡಿದಿದೆ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತಿ ನೋಡುವ ಇಂದಿನ ಪರೀಕ್ಷೆಯೂ ಹುಡುಕುವುದು ಇದನ್ನೇ. ಸರ್ಬಿಯದ ಲಜಾರೆವಿಚ್ 1880ರಲ್ಲಿ ಅದನ್ನು ವಿವರಿಸಿದರೂ ಹೆಸರು ದಕ್ಕಿದ್ದು ಫ್ರಾನ್ಸಿನ ಲಾಸೇಗ್‌ಗೆ. ಉದ್ದಿನ ಹಿಟ್ಟಿನಿಂದ ಸೊಂಟದ ಮೇಲೆ ಕಟ್ಟೆ ಕಟ್ಟಿ ಬೆಚ್ಚನೆಯ ತೈಲ ನಿಲ್ಲಿಸುವ ಕಟಿಬಸ್ತಿ ಆಯುರ್ವೇದ ಆಸ್ಪತ್ರೆಗಳಲ್ಲಿ ಈಗಲೂ ನಡೆಯುತ್ತದೆ. ಮನೆಗಳಲ್ಲಿ ಹರಳೆಣ್ಣೆ ನೀವಿ ಬಿಸಿನೀರು ಹುಯ್ಯುವುದು, ಲಕ್ಕಿಸೊಪ್ಪಿನ ಶಾಖ ಕೊಡುವುದು ರೂಢಿ. ಬಿಗಿದ ಸ್ನಾಯು ಇದರಿಂದ ಸಡಿಲಗೊಂಡು ಹಾಯೆನಿಸುತ್ತದೆ. ನರದ ಬೇರಿನ ಮೇಲಿನ ಒತ್ತಡ ಮಾತ್ರ ಹಾಗೆಯೇ ಇರುತ್ತದೆ.

ಈ ನೋವು ನರದ್ದೆಂದು 1764ರಲ್ಲಿ ಬರೆದವನು ನೇಪಲ್ಸಿನ ದೊಮೆನಿಕೊ ಕೊತುನ್ಯೊ. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್, ಕಶೇರುಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತದೆಂದು ತೋರಿಸಿದರು. ಡಿಸ್ಕ್ ಜಾರಿದವರು ಅಲುಗಾಡಬಾರದೆಂಬ ನಂಬಿಕೆ ಬಲವಾಯಿತು. ಗಟ್ಟಿ ಹಲಗೆಯ ಮೇಲೆ ವಾರಗಟ್ಟಲೆ ಮಲಗಿಸಿ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಕೊಡುವುದೇ ಚಿಕಿತ್ಸೆಯಾಯಿತು. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಯವರ ರೋಗಿಯೊಬ್ಬ, ತಲೆಯ ಭಾಗ ಎತ್ತರಿಸಿದ್ದ ಮಂಚದ ಮೇಲೆ ಹೊಟ್ಟೆಯಡಿಯಾಗಿ ಕೆಲಹೊತ್ತು ಮಲಗಿದ್ದ. ಅಷ್ಟರಲ್ಲಿ ಅವನ ಕಾಲುನೋವು ಮಾಯವಾಗಿತ್ತು. ಬೆನ್ನನ್ನು ಹಿಂದಕ್ಕೆ ಬಾಗಿಸುವ ವ್ಯಾಯಾಮಗಳು ಬೆಳೆದದ್ದು ಈ ಆಕಸ್ಮಿಕದಿಂದ. ಕಾಲಿನ ನೋವು ಮೇಲೇರಿ ಸೊಂಟಕ್ಕೆ ಬಂದು ನಿಂತರೆ ಅದು ಗುಣವಾಗುವ ಸೂಚನೆ. ಸೊಂಟನೋವು ಹೆಚ್ಚಾಯಿತೆಂದು ಗಾಬರಿಯಾಗುವ ರೋಗಿಗೆ ಇದನ್ನು ಮೊದಲೇ ತಿಳಿಸಬೇಕಾಗುತ್ತದೆ. ನೆದರ್ಲೆಂಡ್ಸಿನಲ್ಲಿ 183 ಮಂದಿಯ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಮಲಗಿಸುವ ಪದ್ಧತಿಗೆ ದೊಡ್ಡ ಪೆಟ್ಟು ಕೊಟ್ಟಿತು: 12 ವಾರಗಳ ನಂತರ, ಮಲಗಿದ್ದವರಲ್ಲೂ ಓಡಾಡಿಕೊಂಡಿದ್ದವರಲ್ಲೂ ಶೇ. 87ರಷ್ಟು ಮಂದಿ ಸುಧಾರಿಸಿದ್ದರು.

ಮಂಡ್ಯ ಸೀಮೆಯಲ್ಲಿ ಸೊಂಟದ ಮೇಲಿನ ಹೊರೆ ನೀರಾವರಿಯ ಜೊತೆಗೇ ಬೆಳೆಯಿತೆನ್ನಬಹುದು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಭತ್ತ ಮತ್ತು ಕಬ್ಬು ಇಲ್ಲಿನ ಮುಖ್ಯ ಬೆಳೆಗಳಾದವು. ನಾಟಿ ಹಾಕುವ ಹೆಂಗಸರು ದಿನವಿಡೀ ಬಗ್ಗಿಯೇ ಹಿಂದಕ್ಕೆ ಸರಿಯುತ್ತಾರೆ. ಕಬ್ಬು ಕಡಿಯುವವನು ಬುಡಕ್ಕೆ ಬಗ್ಗಿ ಕತ್ತಿ ಬೀಸಿ, ಸೋಗೆ ಸವರಿ, ಕಟ್ಟನ್ನು ಹೊತ್ತು ಲಾರಿಗೆ ಏರಿಸುತ್ತಾನೆ. ಬಗ್ಗಿ ಭಾರ ಎತ್ತಿದಾಗ ಡಿಸ್ಕಿನೊಳಗಿನ ಒತ್ತಡ ಬಹಳವಾಗಿ ಏರುವುದನ್ನು ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಅಳೆದು ತೋರಿಸಿದರು.

ಭಾರತದಲ್ಲಿ ಫಿಸಿಯೋಥೆರಪಿಯ ವ್ಯವಸ್ಥಿತ ಶಿಕ್ಷಣ ಶುರುವಾದದ್ದು 1950ರ ದಶಕದ ಆರಂಭದಲ್ಲಿ, ಮುಂಬಯಿಯಲ್ಲಿ. ಅದರ ಹಿಂದಿದ್ದದ್ದು ಪೋಲಿಯೊ, ಸೊಂಟನೋವಲ್ಲ. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಈ ಪದವಿಯ ಕಾಲೇಜುಗಳು ಹೆಚ್ಚಿದವು. ಮಂಡ್ಯ ಜಿಲ್ಲೆಯಲ್ಲಿ ದೊಡ್ಡ ವೈದ್ಯಕೀಯ ಸಂಸ್ಥೆಗಳೆಂದರೆ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಮತ್ತು 2006ರ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮಿಮ್ಸ್.

ಜನರ ಬಾಯಲ್ಲಿ ಫಿಸಿಯೋಥೆರಪಿಯೆಂದರೆ 'ಕರೆಂಟ್ ಕೊಡಿಸಿಕೊಳ್ಳುವುದು'. ಚರ್ಮಕ್ಕೆ ಪ್ಯಾಡು ಅಂಟಿಸಿ ಹಾಯಿಸುವ ಸಣ್ಣ ವಿದ್ಯುತ್ತು ನೋವನ್ನು ತಾತ್ಕಾಲಿಕವಾಗಿ ತಗ್ಗಿಸಬಹುದು. ಹೆಚ್ಚು ದಿನ ಉಳಿಯುವ ಫಲ ವ್ಯಾಯಾಮದ್ದು: ಹೊಟ್ಟೆಯಡಿ ಮಲಗಿ ಮೊಣಕೈ ಊರಿ ಎದೆಯೆತ್ತುವುದು, ನಡಿಗೆ, ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವುದು. ಇವು ಎಲ್ಲರಿಗೂ ಒಂದೇ ಅಲ್ಲ. ನರದ ನಾಳ ಕಿರಿದಾದ ವಯಸ್ಸಾದವರಿಗೆ ಹಿಂದಕ್ಕೆ ಬಾಗಿದರೆ ನೋವು ಹೆಚ್ಚುತ್ತದೆ, ಮುಂದಕ್ಕೆ ಬಗ್ಗಿದರೆ ಇಳಿಯುತ್ತದೆ. ಕೂಲಿ ಮಾಡುವವರು ನೋವು ತಗ್ಗಿದೊಡನೆ ಗದ್ದೆಗಿಳಿದು ವ್ಯಾಯಾಮ ಬಿಡುವುದು ಸಾಮಾನ್ಯ. ಸುಗ್ಗಿಯಲ್ಲಿ ಬೇರೆ ದಾರಿಯೂ ಕಡಿಮೆ.

ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದೆ ಹೋದರೆ, ಕೂರುವ ಭಾಗವೆಲ್ಲ ಮರಗಟ್ಟಿದರೆ, ಪಾದ ಎತ್ತಲಾರದೆ ಜೋತುಬಿದ್ದರೆ ಫಿಸಿಯೋಥೆರಪಿಗೆ ಕಾಯುವಂತಿಲ್ಲ. ಇಂಥ ರೋಗಿಯನ್ನು ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಬೇಕು.