ಪೊಲ್ಲೀನಿಯ ಎರಡು ಎಟ್ಯೂಡ್ ಮುದ್ರಿಕೆಗಳೂ ‘ಶೈತ್ಯ’ದ ಆಕ್ಷೇಪವೂ

ಶೊಪಾನನ ಜನನದ 150ನೆಯ ವರ್ಷವಾದ 1960ರಲ್ಲಿ ವಾರ್ಸಾ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ಶೊಪಾನ್ ಪಿಯಾನೋ ಸ್ಪರ್ಧೆಯಲ್ಲಿ, ಆರ್ತುರ್ ರುಬಿನ್‌ಸ್ಟೈನ್ ಗೌರವಾಧ್ಯಕ್ಷನಾಗಿ ಕುಳಿತಿದ್ದ ತೀರ್ಪುಗಾರರ ಮಂಡಲಿಯು, ಮಿಲಾನ್ ನಗರದಿಂದ ಬಂದಿದ್ದ ಹದಿನೆಂಟು ವರ್ಷದ ಮೌರಿಟ್ಸಿಯೋ ಪೊಲ್ಲೀನಿಗೆ ಪ್ರಥಮ ಬಹುಮಾನವನ್ನು ಕೊಟ್ಟಿತು. ಅಂದಿನಿಂದ 2024ರ ಮಾರ್ಚ್ 23ರಂದು ಅದೇ ಮಿಲಾನಿನಲ್ಲಿ ಆತನು ತೀರಿಕೊಳ್ಳುವವರೆಗಿನ ಅರುವತ್ತಕ್ಕೂ ಹೆಚ್ಚಿನ ವರ್ಷಗಳಲ್ಲಿ, ಆತನ ಧ್ವನಿಮುದ್ರಿಕೆಗಳನ್ನು ಕುರಿತು ವಿಮರ್ಶಕರು ಆಡಿದ ಮಾತುಗಳನ್ನು ಒಟ್ಟುಗೂಡಿಸಿ ನೋಡಿದರೆ, ಎರಡು ಅಭಿಪ್ರಾಯಗಳು ಎಡೆಬಿಡದೆ ಕಾಣಿಸಿಕೊಳ್ಳುತ್ತವೆ: ಕೈಚಳಕದಲ್ಲಿ ಈತನಿಗೆ ಸರಿದೊರೆಯಾದವರು ವಿರಳ ಎಂಬುದೊಂದು; ಈತನ ವಾದನ ಶೀತಲವಾದುದು, ಹೃದಯವನ್ನು ತಟ್ಟದ ಸ್ಫಟಿಕಸದೃಶ ನೈರ್ಮಲ್ಯವುಳ್ಳದ್ದು ಎಂಬುದಿನ್ನೊಂದು. ಮೊದಲನೆಯದನ್ನು ಕುರಿತು ವಿವಾದವಿಲ್ಲ. ಎರಡನೆಯದು ಸಾಧುವಲ್ಲವೆಂದೂ, ಅದು ಭಾವವನ್ನು ಭಾವಪ್ರದರ್ಶನದೊಡನೆ ಒಂದೆಂದು ಬಗೆದುದರ ಫಲವೆಂದೂ ಮುದ್ರಿಕೆಗಳ ಆಧಾರದಿಂದಲೇ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಪರ್ಧೆ ಮುಗಿದ ಕೆಲವೇ ವಾರಗಳಲ್ಲಿ, 1960ರ ಏಪ್ರಿಲಿನಲ್ಲಿ, ಪೊಲ್ಲೀನಿಯು ಲಂಡನಿನಲ್ಲಿ ಪೌಲ್ ಕ್ಲೆಟ್ಸ್ಕಿಯ ನಿರ್ದೇಶನದ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಶೊಪಾನನ ಇ ಮೈನರ್ ಕಾನ್ಚೆರ್ಟೋವನ್ನು ಇ.ಎಂ.ಐ. ಸಂಸ್ಥೆಗಾಗಿ ನುಡಿಸಿದನು. ಆ ಮುದ್ರಿಕೆ ಬಹುಬೇಗ ಕೀರ್ತಿಗೆ ಬಂದಿತು. ಇಂದಿಗೂ ಆ ಕೃತಿಯ ಶ್ರೇಷ್ಠ ಮುದ್ರಿಕೆಗಳನ್ನು ಎಣಿಸುವವರು ಅದನ್ನು ಕೈಬಿಡುವಂತಿಲ್ಲ. ಅದೇ ವರ್ಷ ಅದೇ ಸಂಸ್ಥೆಗಾಗಿ ಆತನು ಶೊಪಾನನ ಎಟ್ಯೂಡುಗಳ ಎರಡು ಗುಚ್ಛಗಳನ್ನೂ, ಎಂದರೆ ಕೃತಿಸಂಖ್ಯೆ 10 ಮತ್ತು 25ರ ಇಪ್ಪತ್ತನಾಲ್ಕು ರಚನೆಗಳನ್ನೂ, ಮುದ್ರಿಸಿಕೊಟ್ಟನು. ಆದರೆ ಇವು ಹೊರಬರಲಿಲ್ಲ. ಲೋಕವೆಲ್ಲ ಕಿವಿದೆರೆದು ಕಾದಿದ್ದ ಆ ಗಳಿಗೆಯಲ್ಲಿ, ಯಾವ ತರುಣನಾದರೂ ಹೆಮ್ಮೆಯಿಂದ ಮುಂದೆ ನೀಡಬಹುದಾಗಿದ್ದ ಆ ಮುದ್ರಿಕೆಯು ಭಂಡಾರದಲ್ಲಿಯೇ ಉಳಿದು, ಐವತ್ತೊಂದು ವರ್ಷಗಳ ಅನಂತರ, 2011ರಲ್ಲಿ, ಟೆಸ್ಟಮೆಂಟ್ ಎಂಬ ಪ್ರಕಾಶನದ ಮೂಲಕ ಕೇಳುಗರ ಕೈಸೇರಿತು. ಸ್ಪರ್ಧೆಯ ತರುವಾಯ ಪೊಲ್ಲೀನಿಯು ಕಚೇರಿಗಳನ್ನು ಬಹುಮಟ್ಟಿಗೆ ಕಡಮೆ ಮಾಡಿ, ಆರ್ತುರೋ ಬೆನೆಡೆಟ್ಟಿ ಮಿಕೆಲಾಂಜೆಲಿಯ ಬಳಿ ಕೆಲಕಾಲ ಅಧ್ಯಯನಕ್ಕೆ ನಿಂತನು. ವಿಜಯಿಯಾದವನು ಮತ್ತೆ ಶಿಷ್ಯನಾಗುವುದು ಎಲ್ಲ ಕಾಲಗಳಲ್ಲಿಯೂ ಅಪೂರ್ವವಾದ ಸಂಗತಿ. ಯಂತ್ರಗಳೂ ವ್ಯಾಪಾರಿಗಳೂ ಗೆದ್ದವನನ್ನು ಒಂದು ಕ್ಷಣವೂ ಬಿಡದೆ ಅಟ್ಟುತ್ತಿದ್ದ ಕಾಲದಲ್ಲಿ ಅದು ಇನ್ನೂ ಅಪೂರ್ವ.

ಡಾಯ್ಚೆ ಗ್ರಾಮಫೋನ್ ಸಂಸ್ಥೆಗಾಗಿ ಆತನು 1972ರಲ್ಲಿ ಮ್ಯೂನಿಕ್ ನಗರದಲ್ಲಿ ಅವೇ ಇಪ್ಪತ್ತನಾಲ್ಕು ರಚನೆಗಳನ್ನು ಮತ್ತೆ ನುಡಿಸಿದನು. ಹೀಗೆ ಒಬ್ಬನೇ ವಾದಕನ, ಒಂದೇ ಕೃತಿಯ, ಹನ್ನೆರಡು ವರ್ಷಗಳ ಅಂತರದ ಎರಡು ಸಾಕ್ಷ್ಯಗಳು ನಮಗೆ ದೊರೆತಿವೆ. ಪಾಠಾಂತರಗಳನ್ನು ಎದುರುಬದುರಾಗಿಟ್ಟು ಪರಿಶೀಲಿಸುವ ಗ್ರಂಥಸಂಪಾದಕನ ಕ್ರಮವೇ ಇಲ್ಲಿಗೂ ಉಚಿತವೆಂದು ತೋರುತ್ತದೆ.

ಎಟ್ಯೂಡ್ ಎಂಬುದು ಹೆಸರಿಗೆ ಅಭ್ಯಾಸಪಾಠ. ಬೆರಳಿನ ಒಂದು ನಿರ್ದಿಷ್ಟ ಕಷ್ಟವನ್ನು ಮುಂದಿಟ್ಟುಕೊಂಡು ಅದನ್ನು ಗೆಲ್ಲುವುದಕ್ಕಾಗಿ ರಚಿತವಾದದ್ದು. 1833ರಲ್ಲಿ ಪ್ರಕಟವಾಗಿ ಲಿಸ್ಟ್‌ನಿಗೆ ಅರ್ಪಿತವಾದ ಮೊದಲನೆಯ ಗುಚ್ಛದಲ್ಲಿಯೂ, 1837ರಲ್ಲಿ ಬಂದ ಎರಡನೆಯದರಲ್ಲಿಯೂ ಶೊಪಾನನು ಮಾಡಿದ ಮಹತ್ಕಾರ್ಯವೆಂದರೆ ಆ ಕಷ್ಟವನ್ನೇ ಕಾವ್ಯದ ಶರೀರವನ್ನಾಗಿ ಮಾಡಿದುದು. ಮೊದಲನೆಯ ಗುಚ್ಛದ ಪ್ರಥಮ ರಚನೆಯನ್ನೇ ತೆಗೆದುಕೊಳ್ಳೋಣ. ಅದು ಸಿ ಮೇಜರಿನಲ್ಲಿದೆ. ಬಲಗೈಯು ಕೀಲಿಮಣೆಯ ನಾಲ್ಕಾರು ಸ್ಥಾಯಿಗಳನ್ನು ವ್ಯಾಪಿಸಿ, ಅಗಲವಾಗಿ ಬಿಚ್ಚಿಹೋದ ಸ್ವರಸಮೂಹಗಳನ್ನು ಏರಿಸುತ್ತಲೂ ಇಳಿಸುತ್ತಲೂ ಆದಿಯಿಂದ ಅಂತ್ಯದವರೆಗೆ ಒಂದು ನಿಮಿಷಾರ್ಧವೂ ವಿರಮಿಸದೆ ಓಡುತ್ತಿರಬೇಕು; ಎಡಗೈಯಾದರೋ ಒಂದೇ ಸ್ವರದ ಎರಡು ಸ್ಥಾಯಿಗಳನ್ನು ಒಮ್ಮೆಗೇ ಹಿಡಿದು ಗಂಭೀರವಾಗಿ, ನಿಧಾನವಾಗಿ ಹೆಜ್ಜೆಯಿಡುತ್ತಿರುತ್ತದೆ. ಸಾಮಾನ್ಯ ವಾದಕನಲ್ಲಿ ನಮ್ಮ ಗಮನವೆಲ್ಲ ಬಲಗೈಯ ಸಾಹಸದತ್ತ ಹರಿಯುತ್ತದೆ; ಎಡವುವನೋ ಎಡವನೋ ಎಂಬ ಆತಂಕವೇ ರಸಸ್ಥಾನವನ್ನು ಆಕ್ರಮಿಸುತ್ತದೆ. 1960ರ ಮುದ್ರಿಕೆಯಲ್ಲಿಯೇ ಈ ಆತಂಕ ಇಲ್ಲ. ಅಲ್ಲಿ ಬಲಗೈಯು ಹಗುರವಾಗಿ, ಯೌವನಸಹಜವಾದ ಉಲ್ಲಾಸದಿಂದ, ತನ್ನ ಪಾಡಿಗೆ ತಾನು ಹರಿಯುತ್ತದೆ. ಆದರೆ 1972ರದರಲ್ಲಿ ನಡೆದಿರುವುದು ಬೇರೆಯ ಕೆಲಸ: ಎಡಗೈಯ ಮಂದ್ರಸ್ವರಗಳು ಒಂದರ ಹಿಂದೊಂದರಂತೆ ಕೂಡಿಕೊಂಡು, ಚರ್ಚಿನ ಸಾಮೂಹಿಕ ಗಾನದಂತಹ ಒಂದು ದೀರ್ಘ ಪಂಕ್ತಿಯಾಗಿ, ರಚನೆಯ ಉದ್ದಕ್ಕೂ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ, ಬಲಗೈಯ ಮಹಾಪ್ರವಾಹವು ಆ ಪಂಕ್ತಿಯಿಂದ ಹುಟ್ಟಿದ ಅನುರಣನವೆಂಬಂತೆ ಅದರ ಮೇಲೆ ನಿಲ್ಲುತ್ತದೆ. ಕೈಚಳಕವು ಮೊದಲೇ ಇದ್ದಿತು. ಹನ್ನೆರಡು ವರ್ಷಗಳಲ್ಲಿ ಬಂದದ್ದು ಈ ಆಧಾರಷಡ್ಜದ ಪ್ರಜ್ಞೆ ಎನ್ನಬಹುದೇನೋ.

ಇ ಮೇಜರಿನ ಮೂರನೆಯ ಎಟ್ಯೂಡಿನಲ್ಲಿ ಶೈತ್ಯದ ಆಕ್ಷೇಪವನ್ನು ಇನ್ನೂ ಹತ್ತಿರದಿಂದ ಪರೀಕ್ಷಿಸಬಹುದು. ಇದು ಶೊಪಾನನ ಅತ್ಯಂತ ಜನಪ್ರಿಯ ರಾಗಗಳಲ್ಲೊಂದು. ಎಳೆದೆಳೆದು, ನಿಟ್ಟುಸಿರಿಟ್ಟು, ಕಣ್ಣೀರಿನಲ್ಲಿ ತೋಯಿಸಿ ನುಡಿಸುವುದು ರೂಢಿ. ಆದರೆ ಮುದ್ರಿತ ಪಾಠದಲ್ಲಿ ಶೊಪಾನನು ಬರೆದಿರುವುದು ನಿಧಾನವಾಗಿ, ಆದರೆ ಅತಿಯಾಗಿ ಅಲ್ಲ, ಎಂಬ ಸೂಚನೆಯನ್ನು. ಅದಕ್ಕೂ ಹಿಂದಿನ ಹಸ್ತಪ್ರತಿಯಲ್ಲಿದ್ದದ್ದು ಚುರುಕಾದ ಗತಿಯ ಸೂಚನೆ. ಪೊಲ್ಲೀನಿಯು ಎರಡು ಮುದ್ರಿಕೆಗಳಲ್ಲಿಯೂ ರಾಗವನ್ನು ನಡೆಯಲು ಬಿಡುತ್ತಾನೆ, ನಿಲ್ಲಿಸಿ ತೋರಿಸುವುದಿಲ್ಲ. ನಡುವಣ ಭಾಗದಲ್ಲಿ ಎರಡು ಕೈಗಳೂ ಜೋಡಿಸ್ವರಗಳಲ್ಲಿ ಕ್ಷೋಭೆಗೊಂಡು ಏರುವೆಡೆಯಲ್ಲಿ ಆತನು ಗತಿಯನ್ನು ಸಡಿಲಿಸದೆ ಶಿಖರಕ್ಕೆ ಒಯ್ಯುತ್ತಾನೆ. ಆದುದರಿಂದ ಮೊದಲಿನ ರಾಗ ಮರಳಿ ಬಂದಾಗ ಅದು ಹಳೆಯ ಅಳಲಿನ ಪುನರುಕ್ತಿಯಾಗಿರದೆ, ಏನನ್ನೋ ದಾಟಿ ಬಂದವನ ಮಾತಾಗಿ ಕೇಳಿಸುತ್ತದೆ. ಇದರಲ್ಲಿ ಭಾವವಿಲ್ಲವೆಂದು ಹೇಳುವವರು ಭಾವವನ್ನು ಪ್ರತಿಯೊಂದು ಸ್ವರದಲ್ಲಿಯೂ ಹುಡುಕಿದವರು. ಅದು ಇಲ್ಲಿ ಇರುವುದು ಭಾಗಭಾಗಗಳ ಸಂಬಂಧದಲ್ಲಿ.

ನಮ್ಮ ಅಲಂಕಾರಶಾಸ್ತ್ರದ ಪರಿಚಯವುಳ್ಳವರಿಗೆ ಈ ಮಾತು ಹೊಸದೆನಿಸಲಾರದು. ನಟನ ಸ್ವಂತ ಶೋಕವು ಕರುಣರಸವಾಗಲಾರದು; ವ್ಯಕ್ತಿಗತವಾದ ಭಾವವು ಸಾಧಾರಣೀಕರಣವನ್ನು ಹೊಂದಿದ ಮೇಲೆಯೇ ಸಹೃದಯನಲ್ಲಿ ರಸವಾಗಿ ಪರಿಣಮಿಸುತ್ತದೆ ಎಂಬ ಭಟ್ಟನಾಯಕ, ಅಭಿನವಗುಪ್ತರ ವಿಚಾರವನ್ನು ಪೊಲ್ಲೀನಿಯ ವಾದನಕ್ಕೆ ಅನ್ವಯಿಸಿದಾಗ, ಶೈತ್ಯವೆಂದು ಕರೆಯಲ್ಪಟ್ಟ ಗುಣದ ನಿಜಸ್ವರೂಪ ಗೋಚರವಾಗುತ್ತದೆ. ಆತನು ತನ್ನ ದುಃಖವನ್ನು ನಮಗೆ ಹೇಳುವುದಿಲ್ಲ; ನಮ್ಮ ಪರವಾಗಿ ತಾನೇ ಅಳುವುದೂ ಇಲ್ಲ. ಎರಡನೆಯ ಗುಚ್ಛದ ಸಿ ಶಾರ್ಪ್ ಮೈನರ್ ರಚನೆಯು ಎಡಗೈಯ ಒಂಟಿ ಸ್ವರಾಲಾಪದಿಂದ, ಸೆಲ್ಲೋ ವಾದ್ಯದ ಕಂಠವನ್ನು ನೆನಪಿಗೆ ತರುವ ಮಂದ್ರದಲ್ಲಿ, ಆರಂಭವಾಗುತ್ತದೆ. ಪಿಯಾನೋದ ತಂತಿಯಿಂದ ಹೊಮ್ಮಿದ ನಾದವು ಸುತ್ತಿಗೆ ತಗುಲಿದ ಮರುಕ್ಷಣವೇ ಕ್ಷೀಣಿಸಲಾರಂಭಿಸುತ್ತದೆಯಾದ ಕಾರಣ, ಅದರಲ್ಲಿ ಹಾಡುಗಾರಿಕೆಯೆಂಬುದೇ ಒಂದು ಭ್ರಾಂತಿ. ಮುಂದಿನ ಸ್ವರವನ್ನು ಹಿಂದಿನದರ ಅಳಿದುಳಿದ ಬಲಕ್ಕೆ ಸರಿಯಾಗಿ ತೂಗಿ ಇಟ್ಟರೆ ಮಾತ್ರ ಆ ಭ್ರಾಂತಿ ನಿಲ್ಲುತ್ತದೆ. 1972ರ ಮುದ್ರಿಕೆಯಲ್ಲಿ ಈ ತೂಕ ಎಷ್ಟು ನಿಷ್ಕೃಷ್ಟವಾಗಿದೆಯೆಂದರೆ, ಎಡಗೈಯ ರಾಗವೂ ಬಲಗೈಯ ಪ್ರತ್ಯುತ್ತರವೂ ಇಬ್ಬರು ಗಾಯಕರಂತೆ ಪರಸ್ಪರ ಆಲಿಸುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಇದನ್ನು ಶೀತಲವೆನ್ನಲು ನನಗೆ ಸಾಧ್ಯವಾಗಿಲ್ಲ.

ಮುದ್ರಣಶಾಲೆಯಲ್ಲಿ ಟೇಪನ್ನು ಕತ್ತರಿಸಿ ಜೋಡಿಸುವುದು ಸಾಧ್ಯವಿರುವಾಗ ಇಂತಹ ಪರಿಪೂರ್ಣತೆಗೆ ಬೆಲೆಯೇನು ಎಂಬ ಪ್ರಶ್ನೆ ಏಳುತ್ತದೆ. ತಪ್ಪಿದ ಸ್ವರವನ್ನು ಕತ್ತರಿಯಿಂದ ತಿದ್ದಬಹುದೆಂಬುದು ದಿಟ. ಆದರೆ ಮೇಲೆ ವಿವರಿಸಿದ ಮಂದ್ರಪಂಕ್ತಿಯ ಅಖಂಡತೆಯನ್ನಾಗಲಿ, ಎರಡನೆಯ ಗುಚ್ಛದ ಎ ಮೈನರ್ ರಚನೆಯಲ್ಲಿ ನಾಲ್ಕು ಪಂಕ್ತಿಖಂಡಗಳ ಮಂದವಾದ ಪೀಠಿಕೆಯು ಬಿರುಗಾಳಿಯಾಗಿ ಒಡೆದ ಮೇಲೂ ಎಡಗೈಯ ನಡಿಗೆಯ ರಾಗವು ಒಂದಿಷ್ಟೂ ಕುಗ್ಗದೆ ಉಳಿಯುವ ಬಲವನ್ನಾಗಲಿ, ತುಂಡುಗಳಿಂದ ಕಟ್ಟಲಾಗದು. ಪೊಲ್ಲೀನಿಯ ತಂದೆ ಜೀನೋ ಪೊಲ್ಲೀನಿ ಇಟಲಿಯ ನವ್ಯ ವಾಸ್ತುಶಿಲ್ಪಿಗಳಲ್ಲಿ ಗಣ್ಯನಾದವನು. ಸೋದರಮಾವ ಫೌಸ್ಟೋ ಮೆಲೊಟ್ಟಿ ಅಮೂರ್ತಶಿಲ್ಪಿ. ಕುಲದಿಂದ ಕಲೆಯನ್ನು ವಿವರಿಸುವುದು ಅಪಾಯಕರವಾದ ಕ್ರಮವಾದರೂ, ಅಲಂಕರಣವಿಲ್ಲದ ನಿರ್ಮಾಣವೇ ಸೌಂದರ್ಯವೆಂದು ನಂಬಿದ ಮನೆಯಲ್ಲಿ ಈ ಕಿವಿ ಬೆಳೆಯಿತೆಂಬುದನ್ನು ಗಮನಿಸದಿರಲಾಗದು.

1971ರಲ್ಲಿ ಅದೇ ಜರ್ಮನ್ ಸಂಸ್ಥೆಗಾಗಿ ಮುದ್ರಿಸಿದ ಸ್ಟ್ರಾವಿನ್ಸ್ಕಿಯ ಪೆಟ್ರೂಷ್ಕಾದ ಮೂರು ಭಾಗಗಳನ್ನೂ, ಪ್ರೊಕೋಫಿಯೆವನ ಏಳನೆಯ ಸೊನಾಟಾವನ್ನೂ ಇಲ್ಲಿ ಹೆಸರಿಸಿ ಮುಂದುವರಿಯುತ್ತೇನೆ. ಅವುಗಳ ಕೀರ್ತಿ ನನ್ನ ಸಮರ್ಥನೆಯನ್ನು ಬೇಡುವುದಿಲ್ಲ. ಪೆಟ್ರೂಷ್ಕಾದ ಆ ಪಿಯಾನೋ ರೂಪವನ್ನು ಸ್ಟ್ರಾವಿನ್ಸ್ಕಿಯು 1921ರಲ್ಲಿ ರಚಿಸಿದ್ದು ರುಬಿನ್‌ಸ್ಟೈನನಿಗಾಗಿ, ಎಂದರೆ ವಾರ್ಸಾದಲ್ಲಿ ಗೌರವಾಧ್ಯಕ್ಷಪೀಠದಲ್ಲಿದ್ದವನಿಗಾಗಿಯೇ, ಎಂಬುದು ಸ್ಮರಣೀಯ.

ಇದಕ್ಕಿಂತ ಹೆಚ್ಚು ವಿಚಾರಾರ್ಹವಾದುದು ಲುಯೀಜಿ ನೋನೋ ಎಂಬ ವೆನಿಸ್ಸಿನ ಸಂಗೀತಕಾರನೊಡನೆ ಪೊಲ್ಲೀನಿಗಿದ್ದ ಸಾಹಚರ್ಯ. ಇವರಿಬ್ಬರೂ, ನಿರ್ದೇಶಕ ಕ್ಲೌಡಿಯೋ ಅಬ್ಬಾಡೋವೂ, ಸಂಗೀತವು ಸಿರಿವಂತರ ಸಭಾಂಗಣಗಳಲ್ಲಿಯೇ ಉಳಿಯಕೂಡದೆಂದು ಬಗೆದು 1970ರ ದಶಕದಲ್ಲಿ ರೆಜ್ಜೋ ಎಮಿಲಿಯಾ ಪ್ರಾಂತದಲ್ಲಿ ಕಾರ್ಮಿಕರೆದುರು ಕಚೇರಿಗಳನ್ನು ನಡೆಸಿದರು. 1972ರ ಡಿಸೆಂಬರಿನಲ್ಲಿ ಮಿಲಾನಿನ ಒಂದು ಕಚೇರಿಯಲ್ಲಿ ಪೊಲ್ಲೀನಿಯು ವಿಯೆಟ್ನಾಮಿನ ಮೇಲಿನ ಬಾಂಬುದಾಳಿಯನ್ನು ಖಂಡಿಸುವ ಹೇಳಿಕೆಯನ್ನು ಓದಲು ತೊಡಗಿದಾಗ ಸಭೆಯಲ್ಲಿ ಕೋಲಾಹಲವೆದ್ದು ಕಚೇರಿ ನಡೆಯದೇ ಹೋಯಿತು. ಎಟ್ಯೂಡುಗಳನ್ನು ಮುದ್ರಿಸಿದ ವರ್ಷವೇ ನಡೆದ ಘಟನೆಯಿದು. ಹೃದಯಹೀನನೆಂದು ಕರೆಯಲ್ಪಟ್ಟವನು ಲೋಕದ ನೋವಿಗೆ ಕಿವುಡನಾಗಿರಲಿಲ್ಲ.

ನೋನೋ 1976ರಲ್ಲಿ ಪೊಲ್ಲೀನಿಗಾಗಿ, ಪ್ರಶಾಂತವಾದ ನೊಂದ ಅಲೆಗಳು ಎಂಬರ್ಥದ ಶೀರ್ಷಿಕೆಯ ಒಂದು ಕೃತಿಯನ್ನು ಪಿಯಾನೋ ಮತ್ತು ಟೇಪ್‌ಗಳಿಗೆ ರಚಿಸಿದನು. ಎರಡು ಮನೆಗಳಲ್ಲಿಯೂ ಸಾವು ಸಂಭವಿಸಿದ್ದ ಕಾಲವದು. ವೆನಿಸ್ಸಿನ ಜೂದೆಕ್ಕಾ ದ್ವೀಪದ ತನ್ನ ಮನೆಗೆ ನೀರಿನ ಮೇಲಿಂದ ತೇಲಿಬರುತ್ತಿದ್ದ ಘಂಟಾನಾದಗಳನ್ನು ನೋನೋ ಮನಸ್ಸಿನಲ್ಲಿಟ್ಟುಕೊಂಡಿದ್ದನು. ಟೇಪಿನಲ್ಲಿರುವುದು ಪೊಲ್ಲೀನಿಯದೇ ವಾದನ: ಕೀಲಿಗಳ ಪೆಟ್ಟು, ನಾದದ ಕೊನೆಯ ಉಳಿಕೆ, ಕಾಲುಮಣೆಯ ಸದ್ದು, ಇವೆಲ್ಲ ಮಿಲಾನಿನ ಆಕಾಶವಾಣಿಯ ಧ್ವನಿಪ್ರಯೋಗಶಾಲೆಯಲ್ಲಿ ಸಂಸ್ಕಾರಗೊಂಡು ಬಂದಿವೆ. ವೇದಿಕೆಯ ಮೇಲೆ ಕುಳಿತ ಪೊಲ್ಲೀನಿ ತನ್ನದೇ ಹಿಂದಿನ ವಾದನದೊಡನೆ ನುಡಿಸಬೇಕು. ಕೇಳುತ್ತಿರುವಾಗ ಯಾವುದು ಈಗಿನ ಕೈ, ಯಾವುದು ಟೇಪಿನೊಳಗಿನ ಕೈ ಎಂಬುದನ್ನು ಬೇರ್ಪಡಿಸಲು ಹಲವೆಡೆ ಆಗುವುದಿಲ್ಲ. ಮೊದಲ ಎಟ್ಯೂಡ್ ಮುದ್ರಿಕೆಯನ್ನು ಹಿಂದಿರಿಸಿ ಎರಡನೆಯದನ್ನು ಕೊಟ್ಟವನಿಗೆ, ತನ್ನ ಹಿಂದಿನ ನಾದವನ್ನು ಎದುರಿಟ್ಟುಕೊಂಡು ಅದಕ್ಕೆ ಉತ್ತರವಾಗಿ ನುಡಿಸುವುದು ಸ್ವಭಾವಸಿದ್ಧವಾಗಿದ್ದಿತು. ನೋನೋ ಅದಕ್ಕೆ ಬಹಿರಂಗವಾದ ರೂಪವನ್ನು ಕೊಟ್ಟನು.

ಬೀಥೋವನನ ಮೂವತ್ತೆರಡು ಸೊನಾಟಾಗಳ ಮುದ್ರಣವು ಇದೇ ಸ್ವಭಾವದ ದೀರ್ಘವಾದ ನಿದರ್ಶನ. ಬೇರೆಯವರು ಕೆಲವೇ ವರ್ಷಗಳಲ್ಲಿ ಮುಗಿಸುವ ಕಾರ್ಯವನ್ನು ಆತನು 1975ರಲ್ಲಿ, ಅದೂ ಕೊನೆಯ ಐದು ಸೊನಾಟಾಗಳಿಂದ, ಆರಂಭಿಸಿ 2014ರಲ್ಲಿ ಮುಗಿಸಿದನು. ಅಷ್ಟರಿಂದಲೂ ತೃಪ್ತನಾಗದೆ ಆ ಕೊನೆಯ ಐದನ್ನೇ ಮತ್ತೆ ಕೈಗೆತ್ತಿಕೊಂಡನು: 109, 110, 111ನೆಯ ಕೃತಿಗಳು ಮ್ಯೂನಿಕ್ಕಿನ ಕಚೇರಿಗಳಿಂದ ಮುದ್ರಿತವಾಗಿ 2020ರಲ್ಲಿಯೂ, 101 ಮತ್ತು 106ನೆಯವು 2022ರಲ್ಲಿಯೂ ಹೊರಬಂದವು. ಆಗ ಆತನಿಗೆ ಎಂಬತ್ತರ ವಯಸ್ಸು. ವೃದ್ಧಾಪ್ಯದ ವಾದನವು ನಿಧಾನವಾಗುತ್ತದೆ, ಪ್ರತಿಯೊಂದು ತಿರುವಿನಲ್ಲಿಯೂ ನಿಂತು ಹಿಂದಿರುಗಿ ನೋಡುತ್ತದೆ ಎಂಬುದು ವಾಡಿಕೆಯ ನಿರೀಕ್ಷೆ. ಹ್ಯಾಮರ್‌ಕ್ಲಾವಿಯರ್ ಎಂದು ಖ್ಯಾತವಾದ 106ನೆಯ ಕೃತಿಯ ಈ ಹೊಸ ಮುದ್ರಿಕೆಯಲ್ಲಿ ಅದಕ್ಕೆ ವಿಪರೀತವಾದುದು ನಡೆದಿದೆ: ಬೀಥೋವನನು ತಾನೇ ಗುರುತಿಸಿದ, ಅಸಾಧ್ಯವೆಂದು ಬಹಳ ಮಂದಿ ಬದಿಗಿರಿಸಿದ ವೇಗದ ಕಡೆಗೆ ಪೊಲ್ಲೀನಿ ಮತ್ತೆ ನುಗ್ಗುತ್ತಾನೆ. ಬೆರಳುಗಳು 1970ರ ದಶಕದಲ್ಲಿದ್ದಷ್ಟು ವಿಧೇಯವಾಗಿಲ್ಲ. ಕೊನೆಯ ಫ್ಯೂಗಿನ ದಟ್ಟಣೆಯಲ್ಲಿ ಕೆಲವು ಸ್ವರಗಳು ಒಂದರ ಮೇಲೊಂದು ಬೀಳುತ್ತವೆ, ಆತನ ಉಸಿರೂ ಗುನುಗೂ ಧ್ವನಿಗ್ರಾಹಕದಲ್ಲಿ ಬಿದ್ದಿವೆ, ಅವನ್ನು ಅಳಿಸುವ ಗೋಜಿಗೆ ಯಾರೂ ಹೋಗಿಲ್ಲ. ಹದಿನೆಂಟರಲ್ಲಿ ದೋಷವೆಂಬುದೇ ಕೇಳಿಸದ ಮುದ್ರಿಕೆಯೊಂದು ಹೊರಬಾರದೆ ಉಳಿಯಿತು. ಎಂಬತ್ತರಲ್ಲಿ ದೋಷಗಳು ನೇರವಾಗಿ ಕೇಳಿಸುವ ಇದನ್ನು ಆತನು ಲೋಕದ ಕೈಗಿಟ್ಟನು. ಎರಡರಲ್ಲಿಯೂ ಆತನು ಅಳೆದದ್ದು ಕೃತಿಯ ಒಟ್ಟು ರೂಪ ಹಿಡಿಗೆ ಬಂದಿದೆಯೇ ಎಂಬುದನ್ನು ಎಂದೇ ನಾನು ತಿಳಿಯುತ್ತೇನೆ. 106ನೆಯ ಕೃತಿಯ ಆ ಫ್ಯೂಗ್, ಮುಗ್ಗರಿಸಿದೆಡೆಯಲ್ಲಿಯೂ, ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲ ಸ್ವರದಿಂದಲೇ ಬಲ್ಲದು.