ಮೋಡಕಾ ಅಂಗಡಿಯ ಕಾಲಪೇಟಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರೆ. ಬಾರಿಸುವವರು ಪೇಟಿ ಮಾಸ್ತರು. ಒಂದು ಕೈಲೆ ಗಾಳಿ ಹಾಕಿ ಇನ್ನೊಂದು ಕೈಲೆ ನುಡಿಸೋದು ಸಾದಾ ಪೇಟಿ. ಮೇಜಿನ ಹಂಗ ನಿಂತು, ಕೆಳಗೆ ಎರಡು ಪೆಡಲ್ ಇರೋದು ಕಾಲಪೇಟಿ. ಈ ಎರಡನೇದನ್ನು ನಮ್ಮ ವಯಸ್ಸಿನವರು ಬಹಳ ಮಂದಿ ನೋಡೇ ಇಲ್ಲ. ನೋಡಿದ್ದರೂ ಹಳೇ ಹೊಲಿಗೆ ಮಷೀನ್ ಅಂದುಕೊಂಡಿರ್ತಾರೆ.

ಅಸಲಿಗೆ ಮೊದಲು ಬಂದದ್ದು ಕಾಲಿನದೇ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಪೇಟೆಂಟ್ ಪಡೆದ ಹಾರ್ಮೋನಿಯಂಗೆ ಕಾಲಿನಿಂದಲೇ ಗಾಳಿ. ಪಾದ್ರಿಗಳ ಜೊತೆ, ಸಾಹೇಬರ ಜೊತೆ ಅದು ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವ ನಮ್ಮವರಿಗೆ ಖುರ್ಚಿ ಬೇಡುವ ವಾದ್ಯ ಯಾಕೆ? 19ನೇ ಶತಮಾನದ ಕೊನೆಯ ಭಾಗದಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ತಿದಿಯನ್ನು ಬೆನ್ನಿಗೆ ಹಚ್ಚಿದರು. ಇವತ್ತು ಭಜನಿ ಮನೆಯಲ್ಲಿ ಕಾಣೋದು ಅದೇ ರೂಪ.

ನಾಟಕ ಕಂಪನಿಗಳು ಮಾತ್ರ ಕಾಲು ಬಿಡಲಿಲ್ಲ. ಕಾರಣ ಸರಳ: ಮೈಕ್ ಇರಲಿಲ್ಲ. ರಾತ್ರಿಯಿಡೀ ನಾಟಕ, ತಗಡಿನ ಥೇಟರು, ಹಿಂದಿನ ಸಾಲಿಗೂ ಸ್ವರ ಮುಟ್ಟಬೇಕು. ಕಾಲಿಂದ ಗಾಳಿ ಹಾಕಿದರೆ ಎರಡೂ ಕೈ ಖುಲ್ಲಾ, ದನಿಯೂ ದೊಡ್ಡದು. ಶಿರಹಟ್ಟಿ ವೆಂಕೋಬರಾಯರು, ಗದಗದ ಗರುಡ ಸದಾಶಿವರಾಯರು, ಆಮೇಲೆ ಏಣಗಿ ಬಾಳಪ್ಪನವರು ಕಂಪನಿ ಕಟ್ಟಿ ಊರೂರು ತಿರುಗಿದ ಸೀಮೆ ಇದು. ರಂಗದ ಮುಂದೆ ಕೂತ ಪೇಟಿ ಮಾಸ್ತರು ಶ್ರುತಿ ಹಿಡಿದರೇನೇ ನಾಂದಿ. ಮಲ್ಲಿಕಾರ್ಜುನ ಮನ್ಸೂರರು ಸಣ್ಣವರಿದ್ದಾಗ ಹಾಡಿದ್ದೂ ನಾಟಕ ಕಂಪನಿಯಲ್ಲೇ ಅನ್ನೋದನ್ನು ನೆನಪಿಡಿ. ನಮ್ಮ ಧಾರವಾಡದ ಸಂಗೀತಕ್ಕೆ ಗುರುಮನೆ ಎಷ್ಟೋ, ಈ ತಗಡಿನ ಥೇಟರೂ ಅಷ್ಟೇ.

ಇಷ್ಟೆಲ್ಲಾ ದುಡಿದ ವಾದ್ಯಕ್ಕೆ ಸಿಕ್ಕ ಮರ್ಯಾದೆ ನೋಡಿ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಸ್ಟುಡಿಯೋದಿಂದ ಹೊರಹಾಕಿತು. ಆಗಿನ ಕಂಟ್ರೋಲರ್ ಲಯೋನೆಲ್ ಫೀಲ್ಡನ್; ರವೀಂದ್ರನಾಥ ಠಾಕೂರರಿಗೂ ಅದು ಆಗುತ್ತಿರಲಿಲ್ಲ. ದೂರು ಏನೆಂದರೆ, ಇದರಲ್ಲಿ ಮೀಂಡ್ ಬರೋದಿಲ್ಲ, ಸ್ವರಗಳು ಪಾಶ್ಚಾತ್ಯ ಅಳತೆಯವು, ನಮ್ಮ ಶ್ರುತಿಗೆ ಕೂಡೋದಿಲ್ಲ. ದೂರು ಸುಳ್ಳಲ್ಲ. ಆದರೆ 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗಲೂ ನಿಷೇಧ ಹಂಗೇ ಇತ್ತು. ಅಂದರೆ ಊರ ತುಂಬ ಪೇಟಿ ಮಾಸ್ತರು, ಊರಿನ ರೇಡಿಯೋದಲ್ಲಿ ಪೇಟಿ ಇಲ್ಲ! 1971ರಲ್ಲಿ ನಿಷೇಧ ಸಡಿಲಾಗುವ ಹೊತ್ತಿಗೆ ಸಿನಿಮಾ ಬಂದು ಕಂಪನಿಗಳ ಸೊಂಟ ಮುರಿದಿತ್ತು. ಪರದೆ ಹರಾಜಾದವು, ಕಾಲಪೇಟಿಗಳು ಅಟ್ಟ ಸೇರಿದವು. ಅಟ್ಟದಿಂದ ಮೋಡಕಾ ಅಂಗಡಿಗೆ ಎಷ್ಟು ದೂರ?

ನನ್ನದು ಸಿಕ್ಕಿದ್ದು ಹಳೇ ಹುಬ್ಬಳ್ಳಿಯ ಅಂಥದೇ ಒಂದು ಅಂಗಡಿಯಲ್ಲಿ, ಒಂದು ಸಾದಾ ಮೊಬೈಲಿನ ಅರ್ಧ ರೇಟಿಗೆ. ಒಂದು ಪೆಡಲ್ ಇಲ್ಲ, ತಿದಿಯ ಬಟ್ಟೆಯನ್ನು ಇಲಿ ತಿಂದಿತ್ತು. ಇಂಥದ್ದಕ್ಕೆಲ್ಲ ಹೆದರಬೇಡಿ. ಕಟ್ಟಿಗೆ, ಬಟ್ಟೆ, ಚರ್ಮ, ಸ್ಪ್ರಿಂಗ್ ಎಲ್ಲಾ ಹೊಸದು ಹಾಕಬಹುದು. ನೋಡಬೇಕಾದ್ದು ಒಳಗಿನ ಹಿತ್ತಾಳೆಯ ರೀಡ್. ಸಾಲಾಗಿ ಎಲ್ಲವೂ ಇದ್ದಾವೋ, ನಾಲಿಗೆ ಸೀಳಿದೆಯೋ, ಯಾರಾದರೂ ಮೊದಲೇ ಕೆರೆದು ತೆಳ್ಳಗೆ ಮಾಡಿದ್ದಾರೋ? ನನ್ನ ಪೇಟಿಯಲ್ಲಿ ಪ್ಯಾರಿಸ್ ರೀಡ್, ಒಂದೂ ಸೀಳಿರಲಿಲ್ಲ.

ರಿಪೇರಿ ಮಾಡುವ ಕಾಕಾ ಬ್ರಶ್‌ನಿಂದ ಧೂಳು ತೆಗೆದು, ಹೊಸ ತಿದಿ ಕಟ್ಟಿ ಬಾರಿಸಿದರು. ನಾನು ಫೋನಿನ ಟ್ಯೂನರ್ ಹಿಡಿದೆ. ಇವತ್ತಿನ ಲೆಕ್ಕದಲ್ಲಿ 440 ಬರಬೇಕಾದ ಸ್ವರ 435ಕ್ಕೆ ನಿಂತಿತು. ನನಗೆ ರೋಮಾಂಚನ. ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ ಗೊತ್ತುಪಡಿಸಿದ ಶ್ರುತಿಯೇ 435! ಒಂದು ಅರೆಸ್ವರದ ಐದನೇ ಒಂದು ಭಾಗದಷ್ಟು ತಗ್ಗು.

"ಏರಸೂಣೇನು?" ಅಂದರು ಕಾಕಾ. ನಾಲಿಗೆಯ ತುದಿ ಕೆರೆದರೆ ಸ್ವರ ಏರ್ತದೆ, ಬುಡ ಕೆರೆದರೆ ಇಳೀತದೆ. "ಆದ್ರ ಒಮ್ಮೆ ಕೆರದದ್ದು ಮತ್ತ ಹಚ್ಚಾಕ ಬರಾಂಗಿಲ್ಲ ತಮ್ಮಾ. ವಿಚಾರ ಮಾಡಿ ಹೇಳು."

ವಾರ ವಿಚಾರ ಮಾಡಿದೆ. ಏರಿಸಿದರೆ ಎಲ್ಲರ ಜೊತೆ ಬಾರಿಸಬಹುದು, ವಾದ್ಯ ಮತ್ತೆ ದುಡೀತದೆ. ಬಿಟ್ಟರೆ ಮನೆಯ ಮೂಲೆಯಲ್ಲಿ ಮ್ಯೂಸಿಯಂ. ಆದರೆ ಹಿಂದೂಸ್ತಾನಿ ಗಾಯಕರು ತಮ್ಮ ಷಡ್ಜವನ್ನು ತಾವೇ ಆರಿಸ್ತಾರಲ್ಲ, ಅವರಿಗೆ 440 ಯಾಕೆ ಬೇಕು? ತಂಬೂರಿಯನ್ನು ಪೇಟಿಗೇ ಕೂಡಿಸಿದರಾಯಿತು. "ಇರ್ಲಿ ಬಿಡ್ರಿ ಕಾಕಾ" ಅಂದೆ. ಕಾಕಾ ಕೆರೆಯುವ ಉಳಿಯನ್ನು ಡಬ್ಬಿಗೆ ಹಾಕಿಟ್ಟು, ಪೆಡಲ್‌ನ ಪಟ್ಟಿ ಹೊಲಿಯಲು ಕೂತರು.

ಹಾಡುವ ಗೆಳತಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ತಕರಾರು ಬಂದದ್ದು ಕೀಬೋರ್ಡಿನ ಗೆಳೆಯನಿಂದ. ಅವನು ಸೆಟ್ಟಿಂಗ್ಸಿಗೆ ಹೋಗಿ ತನ್ನದನ್ನೇ 435ಕ್ಕೆ ಇಳಿಸಿಕೊಂಡ. ಎರಡು ನಿಮಿಷದ ಕೆಲಸ.