ಶಿಕ್ಷಣ ಹಕ್ಕು ಕಾಯ್ದೆ: ಲಾಟರಿ ಮೂಲಕ ಸೀಟು ಹಂಚಿಕೆ ಕುರಿತು ಪೋಷಕರಿಗೆ ಮಾಹಿತಿ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಕಲಂ 13ರ ಅನ್ವಯ ಶಾಲಾ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ, ಸಂದರ್ಶನಗಳಿಗೆ ಒಳಪಡಿಸುವಂತಿಲ್ಲ. ಆದುದರಿಂದ ಕಲಂ 12(1)(ಸಿ) ಅಡಿಯ ಶೇ. 25ರ ಸೀಟುಗಳಿಗೆ ಹೆಚ್ಚು ಅರ್ಜಿಗಳು ಬಂದಲ್ಲಿ ಲಾಟರಿ ಮೂಲಕ ಆಯ್ಕೆ ಮಾಡಲಾಗುತ್ತದೆ.

ಗಣಕೀಕೃತ ಲಾಟರಿಯಲ್ಲಿ ಅರ್ಹ ಅರ್ಜಿಗಳಿಗೆ ಯಾದೃಚ್ಛಿಕ ಸಂಖ್ಯೆಗಳನ್ನು, ಅಂದರೆ ಮುಂಚಿತವಾಗಿ ಊಹಿಸಲಾಗದ ಸಂಖ್ಯೆಗಳನ್ನು ನೀಡಿ, ಆ ಕ್ರಮದಲ್ಲಿ ಸೀಟು ಹಂಚಲಾಗುತ್ತದೆ. ಉದಾಹರಣೆಗೆ, ಒಂದೇ ಆದ್ಯತೆಯ 40 ಅರ್ಜಿಗಳಿಗೆ 5 ಸೀಟುಗಳಿದ್ದಲ್ಲಿ ಪ್ರತಿ ಮಗುವಿಗೆ ಸೀಟು ದೊರೆಯುವ ಸಂಭವನೀಯತೆ 40ರಲ್ಲಿ 5, ಅಂದರೆ ಶೇ. 12.5. ಅರ್ಜಿಯನ್ನು ಮೊದಲ ದಿನ ಸಲ್ಲಿಸಿದರೂ ಕೊನೆಯ ದಿನ ಸಲ್ಲಿಸಿದರೂ, ಅರ್ಜಿ ಸಂಖ್ಯೆ ಯಾವುದೇ ಇದ್ದರೂ ಇದು ಬದಲಾಗುವುದಿಲ್ಲ.

ಸೂಚನೆ: “ಸೀಟು ಸಿಗದಿದ್ದರೆ ಹಣ ವಾಪಸ್ಸು” ಎನ್ನುವ ಮಧ್ಯವರ್ತಿಗಳನ್ನು ನಂಬಬಾರದು. ಮೇಲಿನ 40 ಪೋಷಕರಿಂದಲೂ ಹಣ ಪಡೆದವನು ಏನನ್ನೂ ಮಾಡದಿದ್ದರೂ 5 ಮಕ್ಕಳಿಗೆ ಸೀಟು ದೊರೆತೇ ದೊರೆಯುತ್ತದೆ. ಉಳಿದ 35 ಜನರಿಗೆ ಹಣ ಹಿಂದಿರುಗಿಸಿದರೂ ಆ ಐವರ ಹಣ ಅವನಲ್ಲಿಯೇ ಉಳಿಯುತ್ತದೆ.

ಅನರ್ಹ ಅರ್ಜಿಗಳು ಲಾಟರಿಗೆ ಬರುವುದೇ ಇಲ್ಲ. ಆದ್ದರಿಂದ ಪೋಷಕರು ದಾಖಲೆಗಳಲ್ಲಿನ ಹೆಸರು, ವಿಳಾಸ, ಜನ್ಮದಿನಾಂಕಗಳನ್ನು ಪರಿಶೀಲಿಸಿಕೊಂಡು ನಿಗದಿತ ದಿನಾಂಕದೊಳಗೆ ಅರ್ಜಿ ಸಲ್ಲಿಸತಕ್ಕದ್ದು.